ಕನ್ನಡಿ ಸರಿಯಿದೆ, ಐಪೀಸ್ ಸರಿಯಿದೆ, ಫೋಕಸ್ ಮಾತ್ರ ಸಿಗುತ್ತಿಲ್ಲ: ಮನೆಯಲ್ಲಿ ಕಟ್ಟಿದ ದೂರದರ್ಶಕಕ್ಕೊಂದು ಸಮಗ್ರ ಮಾರ್ಗದರ್ಶಿ

ತಿಂಗಳುಗಟ್ಟಲೆ ಗಾಜು ಉಜ್ಜಿ, ಹೊಳಪು ಕೊಟ್ಟು, ಲೇಪನ ಮಾಡಿಸಿ, ಕನ್ನಡಿಯನ್ನು ಕೊಳವೆಯೊಳಗೆ ಕೂರಿಸಿದ್ದಾಯಿತು. ಮೊದಲ ರಾತ್ರಿ ಚಂದ್ರನತ್ತ ತಿರುಗಿಸಿದರೆ ಕಾಣುವುದು ಹಾಲು ಚೆಲ್ಲಿದಂಥ ಮಸುಕು. ಐಪೀಸನ್ನು, ಅಂದರೆ ಕಣ್ಣಿಡುವ ಮಸೂರವನ್ನು, ಹಿಂದೆ ಮುಂದೆ ಒಯ್ಯುವ ಫೋಕಸರಿನ ಗುಂಡಿಯನ್ನು ಈ ತುದಿಯಿಂದ ಆ ತುದಿವರೆಗೆ ತಿರುಗಿಸಿದರೂ ಚಂದ್ರನ ಅಂಚು ಗಟ್ಟಿಯಾಗುವುದಿಲ್ಲ. ಆಗ ಹೆಚ್ಚಿನವರು ಕನ್ನಡಿಯನ್ನೇ ಅನುಮಾನಿಸುತ್ತಾರೆ. ಕೆಲವರು ಅದನ್ನು ಬಿಚ್ಚಿ ಮತ್ತೆ ಉಜ್ಜಲು ಕೂತದ್ದನ್ನೂ ಕಂಡಿದ್ದೇನೆ, ಮನಸ್ಸಿಗೆ ಬಹಳ ಬೇಸರವಾಗಿದೆ. ಏಕೆಂದರೆ ನನ್ನ ಬಳಿ ಬಂದ ಇಂಥ ದೂರದರ್ಶಕಗಳಲ್ಲಿ ಬಹುಪಾಲು ಕನ್ನಡಿಗಳು ಚೆನ್ನಾಗಿಯೇ ಇದ್ದವು. ತಪ್ಪಾಗಿದ್ದದ್ದು ಐಪೀಸ್ ನಿಲ್ಲುವ ಜಾಗ, ಅದೂ ಒಂದೆರಡು ಸೆಂಟಿಮೀಟರಿನಷ್ಟು.

ಈ ಬರಹ ಮುಖ್ಯವಾಗಿ ನ್ಯೂಟೋನಿಯನ್ ಮಾದರಿಗೆ, ಎಂದರೆ ತಳದಲ್ಲಿ ನಿಮ್ನ ದರ್ಪಣ (ಪ್ರಧಾನ ಕನ್ನಡಿ), ಮೇಲೆ 45 ಡಿಗ್ರಿಯ ಓರೆ ಕನ್ನಡಿ, ಪಕ್ಕದಲ್ಲಿ ಐಪೀಸ್ ಇರುವ ದೂರದರ್ಶಕಕ್ಕೆ. ಮಸೂರದ ದೂರದರ್ಶಕ ಕಟ್ಟುವವರಿಗೆ ಕೊನೆಯ ಭಾಗದಲ್ಲಿ ಕೆಲವು ಮಾತಿವೆ. ಹಂತಗಳ ಕ್ರಮ ತಪ್ಪಿಸಬೇಡಿ. ಕೊಳವೆಗೆ ರಂಧ್ರ ಕೊರೆಯುವುದು ಐದನೆಯ ಹಂತ. ಅದನ್ನು ಮೊದಲು ಮಾಡಿದವರೇ ಹೆಚ್ಚಾಗಿ ಸೋಲುತ್ತಾರೆ.

## ಬಿಂಬಕ್ಕೆ ಒಂದು ಜಾಗವಿದೆ

ಪ್ರಧಾನ ಕನ್ನಡಿ ನಕ್ಷತ್ರದ ಬೆಳಕನ್ನು ತನ್ನ ಸಂಗಮದೂರದಷ್ಟು ಆಚೆ ಕೂಡಿಸಿ ಅಲ್ಲಿ ಬಿಂಬ ಮೂಡಿಸುತ್ತದೆ. ಓರೆ ಕನ್ನಡಿ ಬೆಳಕನ್ನು ಪಕ್ಕಕ್ಕೆ ತಿರುಗಿಸುತ್ತದೆ; ದೂರವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಐಪೀಸ್ ಆ ಬಿಂಬವನ್ನು ಹತ್ತಿರದಿಂದ ನೋಡುವ ಭೂತಗನ್ನಡಿ. ಫೋಕಸರ್ ಆ ಭೂತಗನ್ನಡಿಯನ್ನು ಹಿಂದೆ ಮುಂದೆ ಒಯ್ಯುವ ಕೈ. ಬಿಂಬ ಎಲ್ಲಿ ಬೀಳಬೇಕೆಂಬುದನ್ನು ಫೋಕಸರ್ ತೀರ್ಮಾನಿಸುವುದಿಲ್ಲ. ಕನ್ನಡಿ ಮತ್ತು ನೀವು ಕೊರೆದ ರಂಧ್ರ ಅದನ್ನು ಆಗಲೇ ತೀರ್ಮಾನಿಸಿಬಿಟ್ಟಿರುತ್ತವೆ.

ಆದ್ದರಿಂದ ಕೆಲಸ ಎರಡೇ. ಬಿಂಬ ಎಲ್ಲಿ ಬೀಳುತ್ತದೆಂದು ತಿಳಿಯುವುದು ಮೊದಲನೆಯದು. ಆ ಜಾಗಕ್ಕೆ ಐಪೀಸ್ ತಲುಪುವಂತೆ, ತಲುಪಿ ಆಚೀಚೆ ಸ್ವಲ್ಪ ಓಡಾಡುವಂತೆ ಫೋಕಸರನ್ನು ಕೂರಿಸುವುದು ಎರಡನೆಯದು.

## ಬೇಕಾದ ಸಲಕರಣೆ

ಉಕ್ಕಿನ ಅಳತೆ ಪಟ್ಟಿ, ವರ್ನಿಯರ್ ಕ್ಯಾಲಿಪರ್, ಸಣ್ಣ ಟಾರ್ಚ್, ಬಿಳಿ ರಟ್ಟು, ಒಂದು ಹಾಳೆ ಟ್ರೇಸಿಂಗ್ ಕಾಗದ, ಮೂಲೆಮಟ್ಟ, ಗುರುತು ಹಾಕುವ ಪೆನ್ನು. ಐಪೀಸ್‌ಗಳಲ್ಲಿ 25 ಮಿ.ಮೀ. ಅಥವಾ ಅದರ ಆಸುಪಾಸಿನದು ಒಂದು ಇರಲೇಬೇಕು. ಬರೀ 6 ಮಿ.ಮೀ. ಐಪೀಸ್ ಇಟ್ಟುಕೊಂಡು ಹೊಸ ದೂರದರ್ಶಕವನ್ನು ಫೋಕಸ್‌ಗೆ ತರಲು ಹೊರಟರೆ ನೋಡುವ ಕ್ಷೇತ್ರ ಕಿರಿದು, ಬೆಳಕು ಮಂದ. ಚಂದ್ರ ಕ್ಷೇತ್ರದಲ್ಲಿದ್ದಾನೋ ಇಲ್ಲವೋ ಎಂದು ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ.

ಎಚ್ಚರಿಕೆ: ಈ ಯಾವ ಹಂತಕ್ಕೂ ಸೂರ್ಯನನ್ನು ಬಳಸಬೇಡಿ. ಕನ್ನಡಿಯ ಸಂಗಮದಲ್ಲಿ ಸೂರ್ಯನ ಬಿಂಬ ಕಾಗದವನ್ನು ಸುಡುತ್ತದೆ, ಕಣ್ಣನ್ನು ಕ್ಷಣದಲ್ಲಿ ಶಾಶ್ವತವಾಗಿ ಹಾಳುಮಾಡುತ್ತದೆ. ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಸೌರ ಶೋಧಕಗಳು (ಫಿಲ್ಟರ್) ಶಾಖಕ್ಕೆ ಬಿರುಕು ಬಿಡುತ್ತವೆ, ನಿಮ್ಮ ಬಳಿ ಇದ್ದರೆ ಎಸೆದುಬಿಡಿ. ಹಗಲು ಕನ್ನಡಿಯನ್ನು ಬಟ್ಟೆ ಮುಚ್ಚದೆ ಬಿಸಿಲು ಬೀಳುವ ಕಡೆ ಇಡಬೇಡಿ.

## ಹಂತ 1: ಸಂಗಮದೂರವನ್ನು ನೀವೇ ಅಳೆಯಿರಿ

1200 ಮಿ.ಮೀ. ಎಂದುಕೊಂಡು ಉಜ್ಜಲು ಶುರುಮಾಡಿದ ಕನ್ನಡಿ 1200ಕ್ಕೇ ಬಂದು ನಿಲ್ಲುವುದು ಅಪರೂಪ. 150 ಮಿ.ಮೀ. ವ್ಯಾಸದ ಕನ್ನಡಿಯಲ್ಲಿ 1200 ಮಿ.ಮೀ. ಸಂಗಮದೂರಕ್ಕೆ ನಡುಗುಳಿಯ ಆಳ ಬರೀ 1.17 ಮಿ.ಮೀ. ಅದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಂಗಮ ಹಲವು ಸೆಂಟಿಮೀಟರ್ ಸರಿದುಬಿಡುತ್ತದೆ. ಕೊಂಡ ಕನ್ನಡಿಯಾದರೂ ಅದರ ಬೆನ್ನ ಮೇಲೆ ಬರೆದ ಸಂಖ್ಯೆಯನ್ನು ನಂಬಿ ಕೊಳವೆ ಕತ್ತರಿಸಬೇಡಿ.

ನಿಖರವಾದ ವಿಧಾನ ವಕ್ರತಾ ಕೇಂದ್ರದ್ದು. ಕತ್ತಲೆ ಕೋಣೆಯಲ್ಲಿ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಟಾರ್ಚಿನ ಮುಖಕ್ಕೆ ಸಣ್ಣ ತೂತಿನ ಕಪ್ಪು ಕಾಗದ ಅಂಟಿಸಿ, ಅದರ ಪಕ್ಕಕ್ಕೇ ಬಿಳಿ ರಟ್ಟನ್ನು ಹಿಡಿಯಿರಿ. ತೂತು ಮತ್ತು ರಟ್ಟು ಎರಡೂ ಕನ್ನಡಿಯಿಂದ ಒಂದೇ ದೂರದಲ್ಲಿರಬೇಕು. ಹಿಂದೆ ಮುಂದೆ ಸರಿಯುತ್ತಾ ಹೋದರೆ ಒಂದು ಜಾಗದಲ್ಲಿ ತೂತಿನ ಬಿಂಬ ರಟ್ಟಿನ ಮೇಲೆ ಚೂಪಾಗಿ ಮೂಡುತ್ತದೆ. ಅಲ್ಲಿಂದ ಕನ್ನಡಿಯ ಮೇಲ್ಮೈಯ ನಡುವಿಗೆ ಅಳೆಯಿರಿ. ಇದು ವಕ್ರತಾ ತ್ರಿಜ್ಯ, ಅದರ ಅರ್ಧ ಸಂಗಮದೂರ. ಅಳತೆಯಲ್ಲಿ 4 ಮಿ.ಮೀ. ತಪ್ಪಿದರೆ ಸಂಗಮದೂರದಲ್ಲಿ ತಪ್ಪುವುದು 2 ಮಿ.ಮೀ. ಮಾತ್ರ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ.

ಇಲ್ಲಿ ಪದೇಪದೇ ಆಗುವ ತಪ್ಪು, ಅಳತೆಯನ್ನು ಕನ್ನಡಿಯ ಬೆನ್ನಿನಿಂದ ಅಥವಾ ಅದು ಕೂತಿರುವ ಹಲಗೆಯಿಂದ ಹಿಡಿಯುವುದು. ಗಾಜಿನ ದಪ್ಪ 25 ಮಿ.ಮೀ. ಇದ್ದರೆ ಲೆಕ್ಕವೆಲ್ಲ ಅಲ್ಲಿಗೇ ಕೆಟ್ಟಿತು. ಎಲ್ಲ ಅಳತೆಯೂ ಹೊಳೆಯುವ ಮೇಲ್ಮೈಯಿಂದಲೇ.

## ಹಂತ 2: ಐಪೀಸಿನ ಫೋಕಸ್ ಎಲ್ಲಿದೆ ನೋಡಿ

ಐಪೀಸಿನ ಬ್ಯಾರೆಲ್ಲಿನೊಳಗೆ ಇಣುಕಿದರೆ ಒಂದು ಕಪ್ಪು ಉಂಗುರ ಕಾಣುತ್ತದೆ. ಫೀಲ್ಡ್ ಸ್ಟಾಪ್ ಎನ್ನುತ್ತಾರೆ. ಕಣ್ಣಿಟ್ಟಾಗ ಕಾಣುವ ದುಂಡು ಕ್ಷೇತ್ರದ ಚೂಪು ಅಂಚು ಇದೇ ಉಂಗುರದ್ದು. ಅಂಚು ಚೂಪಾಗಿ ಕಾಣುತ್ತದೆಂದರೆ ಉಂಗುರ ಐಪೀಸಿನ ಫೋಕಸ್‌ನಲ್ಲೇ ಇದೆ ಎಂದರ್ಥ. ದೂರದರ್ಶಕದ ಬಿಂಬ ಬೀಳಬೇಕಾದ್ದೂ ಅಲ್ಲಿಗೇ.

ಪ್ಲೋಸಲ್ ಮಾದರಿಯ ಹಲವು ಐಪೀಸ್‌ಗಳಲ್ಲಿ ಈ ಉಂಗುರ ಬ್ಯಾರೆಲ್ಲಿನ ಭುಜದ ಆಸುಪಾಸಿನಲ್ಲಿರುತ್ತದೆ. ಭುಜ ಎಂದರೆ ಐಪೀಸ್ ಫೋಕಸರಿನ ಬಾಯಿಗೆ ತಾಗಿ ನಿಲ್ಲುವ ಅಂಚು. ಹೈಗೆನ್ಸ್ ಮಾದರಿಯಲ್ಲಿ ಉಂಗುರ ಎರಡು ಮಸೂರಗಳ ನಡುವೆ ಇರುತ್ತದೆ, ಹಾಗಾಗಿ ಅದು ಬಿಂಬವನ್ನು ತನ್ನೊಳಗೆ ಬಯಸುತ್ತದೆ. ಹಳೆಯ ಬೈನಾಕ್ಯುಲರಿನಿಂದ ಬಿಚ್ಚಿದ ಐಪೀಸ್, ಆಟಿಕೆ ದೂರದರ್ಶಕದ ಐಪೀಸ್ ಬಳಸುವವರು ಊಹಿಸದೆ ಅಳೆಯಬೇಕು.

ಅಳೆಯುವುದು ಸುಲಭ. ಐಪೀಸಿಗೆ ಕಣ್ಣಿಟ್ಟು ಬೆಳಕಿನತ್ತ ತಿರುಗಿ. ಬ್ಯಾರೆಲ್ಲಿನ ಇನ್ನೊಂದು ತುದಿಯಿಂದ ಸಪೂರ ಕಾಗದದ ಪಟ್ಟಿಯನ್ನು ಮಸೂರಕ್ಕೆ ತಾಗದಂತೆ ನಿಧಾನ ಒಳಗೆ ತನ್ನಿ. ಅದರ ತುದಿ ಚೂಪಾಗಿ ಕಂಡ ಕೂಡಲೇ ನಿಲ್ಲಿಸಿ, ತುದಿ ಎಷ್ಟು ಒಳಗೆ ಹೋಗಿದೆ ಎಂದು ಗುರುತು ಹಾಕಿ, ಭುಜದಿಂದ ಅದು ಎಷ್ಟು ಕೆಳಗೆ ಅಥವಾ ಮೇಲೆ ಎಂದು ಬರೆದಿಡಿ. ಕಣ್ಣನ್ನು ಸಡಿಲ ಬಿಟ್ಟು, ದೂರದ ಬೆಟ್ಟ ನೋಡುವವರಂತೆ ನೋಡಬೇಕು. ನಿಮ್ಮಲ್ಲಿರುವ ಪ್ರತಿ ಐಪೀಸಿಗೂ ಇದನ್ನು ಮಾಡಿ. ಎರಡು ಐಪೀಸ್‌ಗಳ ನಡುವೆ 10 ಮಿ.ಮೀ. ವ್ಯತ್ಯಾಸ ಬಂದರೆ ಗಾಬರಿ ಬೇಡ. ಆ 10 ಮಿ.ಮೀ. ಫೋಕಸರಿನ ಓಟದಲ್ಲಿ, ಅಂದರೆ ಅದು ಒಳಹೊರಗೆ ಸರಿಯಬಲ್ಲ ದೂರದಲ್ಲಿ, ಸೇರಿರಬೇಕು, ಅಷ್ಟೇ.

ಬ್ಯಾರೆಲ್ಲಿನ ವ್ಯಾಸವನ್ನೂ ಕ್ಯಾಲಿಪರಿನಲ್ಲಿ ನೋಡಿ. ಈಗ ಸಾಮಾನ್ಯವಾದದ್ದು ಒಂದೂಕಾಲು ಇಂಚು, ಅಂದರೆ 31.75 ಮಿ.ಮೀ. ದೊಡ್ಡವು 2 ಇಂಚಿನವು, 50.8 ಮಿ.ಮೀ. ಹಳೆಯ ಸಣ್ಣ ದೂರದರ್ಶಕಗಳದ್ದು 24.5 ಮಿ.ಮೀ.

## ಹಂತ 3: ಲೆಕ್ಕ ಹಾಕಿ

ಬಿಂಬ ಓರೆ ಕನ್ನಡಿಯ ನಡುವಿನಿಂದ ಎಷ್ಟು ದೂರದಲ್ಲಿ ಬೀಳಬೇಕು ಎಂಬುದನ್ನು ಮೊದಲು ಕೂಡಿಸಿಕೊಳ್ಳಿ. ಒಂದು ಉದಾಹರಣೆ ಹಿಡಿಯೋಣ: 150 ಮಿ.ಮೀ. ಕನ್ನಡಿ, ಅಳೆದು ಸಿಕ್ಕ ಸಂಗಮದೂರ 1200 ಮಿ.ಮೀ., ಕೊಳವೆಯ ಹೊರವ್ಯಾಸ 200 ಮಿ.ಮೀ., ಪೂರ್ತಿ ಒಳಗೆ ತಳ್ಳಿದಾಗ ಫೋಕಸರಿನ ಎತ್ತರ 65 ಮಿ.ಮೀ., ಅದರ ಓಟ 40 ಮಿ.ಮೀ.

1. ಕೊಳವೆಯ ನಡುವಿನಿಂದ ಹೊರಮೈವರೆಗೆ: 100 ಮಿ.ಮೀ.
2. ಹೊರಮೈಯಿಂದ ಪೂರ್ತಿ ಒಳಗಿರುವ ಫೋಕಸರಿನ ಬಾಯಿವರೆಗೆ: 65 ಮಿ.ಮೀ.
3. ಒಳಕ್ಕೆ ಸರಿಯಲು ಬಿಡುವ ಮೀಸಲು: 15 ಮಿ.ಮೀ.

ಒಟ್ಟು 180 ಮಿ.ಮೀ. ಸಂಗಮದೂರ 1200ರಲ್ಲಿ ಇದನ್ನು ಕಳೆದರೆ 1020. ಅಂದರೆ ಪ್ರಧಾನ ಕನ್ನಡಿಯ ಮೇಲ್ಮೈಯಿಂದ 1020 ಮಿ.ಮೀ. ದೂರದಲ್ಲಿ ಓರೆ ಕನ್ನಡಿಯ ನಡು ಇರಬೇಕು, ಫೋಕಸರ್ ರಂಧ್ರದ ನಡುವೂ ಅಲ್ಲೇ. ಐಪೀಸಿನ ಫೋಕಸ್ ಭುಜದ ಮಟ್ಟದಲ್ಲಿದೆ ಎಂದು ಇಲ್ಲಿ ಹಿಡಿದಿದ್ದೇನೆ. ನಿಮ್ಮದು ಭುಜಕ್ಕಿಂತ 8 ಮಿ.ಮೀ. ಕೆಳಗಿದ್ದರೆ ಅಷ್ಟನ್ನು ಮೊತ್ತದಿಂದ ಕಳೆಯಿರಿ, ಮೇಲಿದ್ದರೆ ಕೂಡಿಸಿ.

ಈಗ ಮೊದಲ ಹಂತ ಬಿಟ್ಟವರ ಗತಿ ನೋಡಿ. ಕನ್ನಡಿ ನಿಜಕ್ಕೂ 1176 ಮಿ.ಮೀ. ಇದ್ದು ರಂಧ್ರವನ್ನು 1020ಕ್ಕೇ ಕೊರೆದರೆ, ಬಿಂಬ ಓರೆ ಕನ್ನಡಿಯಿಂದ 156 ಮಿ.ಮೀ. ದೂರದಲ್ಲಿ ಬೀಳುತ್ತದೆ. ಫೋಕಸರ್ ಪೂರ್ತಿ ಒಳಗೆ ಹೋದರೂ ಐಪೀಸ್ ನಿಲ್ಲುವುದು 165ರಲ್ಲಿ. 9 ಮಿ.ಮೀ. ಕೊರತೆ. ಗುಂಡಿ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಮೀಸಲು 15 ಮಿ.ಮೀ. ಏಕೆ? ಕನ್ನಡಿಯ ತಿರುಪುಗಳನ್ನು ಹೊಂದಿಸುವಾಗ ಅದು ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತದೆ. ಬೇರೆ ಐಪೀಸಿನ ಫೋಕಸ್ ಇನ್ನೂ ಒಳಗಿರಬಹುದು. ಹತ್ತಿರದೃಷ್ಟಿಯವರು ಕನ್ನಡಕ ತೆಗೆದು ನೋಡಿದರೆ ಐಪೀಸನ್ನು ಒಳಕ್ಕೆ ತಳ್ಳಬೇಕಾಗುತ್ತದೆ: 25 ಮಿ.ಮೀ. ಐಪೀಸಿನಲ್ಲಿ ಪ್ರತಿ ಡಯಾಪ್ಟರಿಗೆ (ಕನ್ನಡಕದ ಪವರಿನ ಅಳತೆ) ಸುಮಾರು 0.6 ಮಿ.ಮೀ., ನಾಲ್ಕು ಡಯಾಪ್ಟರ್ ಕನ್ನಡಕವಾದರೆ 2.5 ಮಿ.ಮೀ. ದೂರದೃಷ್ಟಿಯವರಿಗೆ ಇದು ಹೊರಕ್ಕೆ. ಇವೆಲ್ಲ ಒಂದೇ ರಾತ್ರಿ ಒಟ್ಟಿಗೆ ಬರುತ್ತವೆ.

ಹಾಗೆಂದು ಮೀಸಲನ್ನು ಸುಮ್ಮನೆ 60, 70 ಮಾಡಬೇಡಿ. ಬಿಂಬ ದೂರ ಹೋದಷ್ಟೂ ಓರೆ ಕನ್ನಡಿ ದೊಡ್ಡದಾಗಬೇಕು. ಮೇಲಿನ ಉದಾಹರಣೆಯಲ್ಲಿ ಬೆಳಕಿನ ಶಂಕುವನ್ನು ಹಿಡಿಯಲು ಓರೆ ಕನ್ನಡಿಯ ಕಿರುವ್ಯಾಸ (ಅದರ ಅಂಡಾಕಾರದ ಕಿರಿದಾದ ಅಗಲ) ಕನಿಷ್ಠ 150 × 180 ÷ 1200, ಅಂದರೆ 22.5 ಮಿ.ಮೀ. ಕ್ಷೇತ್ರದ ನಡುವಿನ 12 ಮಿ.ಮೀ. ಭಾಗಕ್ಕೆ ಪೂರ್ತಿ ಬೆಳಕು ಬೇಕೆಂದರೆ ಸುಮಾರು 33. ಹಾಗಾಗಿ 35 ಮಿ.ಮೀ. ಕನ್ನಡಿ ಸಾಕು. ಕ್ಯಾಮೆರಾ ಕಟ್ಟುವ ಆಸೆಯಿದ್ದವರು ಮಾತ್ರ ಮೊದಲೇ ಬೇರೆ ಲೆಕ್ಕ ಹಾಕಬೇಕು. ಡಿಎಸ್‌ಎಲ್‌ಆರ್ ಕ್ಯಾಮೆರಾದ ಸಂವೇದಕ ಅದರ ಮುಂಭಾಗದ ಲೋಹದ ಉಂಗುರದಿಂದ 44ರಿಂದ 46.5 ಮಿ.ಮೀ. ಒಳಗೆ ಹುದುಗಿರುತ್ತದೆ, ಅಡಾಪ್ಟರಿನ ದಪ್ಪ ಅದಕ್ಕೆ ಸೇರುತ್ತದೆ. ಕಣ್ಣಿಗೆಂದು ಕಟ್ಟಿದ ದೂರದರ್ಶಕದಲ್ಲಿ ಅಷ್ಟು ಒಳಓಟ ಇರುವುದಿಲ್ಲ.

## ಹಂತ 4: ಕೊರೆಯುವ ಮುನ್ನ ಕಾಗದದ ಮೇಲೆ ಚಂದ್ರ

ಲೆಕ್ಕವನ್ನು ನಾನು ಎಂದೂ ಪೂರ್ತಿ ನಂಬುವುದಿಲ್ಲ. ಒಂದು ಉದ್ದ ಹಲಗೆಯ ಮೇಲೆ ಪ್ರಧಾನ ಕನ್ನಡಿಯನ್ನೂ ಓರೆ ಕನ್ನಡಿಯನ್ನೂ ಲೆಕ್ಕದ ದೂರದಲ್ಲೇ ತಾತ್ಕಾಲಿಕವಾಗಿ ನಿಲ್ಲಿಸಿ, ಹಲಗೆಯನ್ನು ಚಂದ್ರನತ್ತ ತಿರುಗಿಸಿ. ಓರೆ ಕನ್ನಡಿಯ ಪಕ್ಕದಲ್ಲಿ ಟ್ರೇಸಿಂಗ್ ಕಾಗದ ಹಿಡಿದರೆ ಅದರ ಮೇಲೆ ಚಂದ್ರ ಮೂಡುತ್ತಾನೆ. ಅವನ ಅಂಚು ಅತ್ಯಂತ ಚೂಪಾಗುವ ಜಾಗಕ್ಕೆ ಓರೆ ಕನ್ನಡಿಯ ನಡುವಿನಿಂದ ಎಷ್ಟು ದೂರ ಎಂದು ಅಳೆಯಿರಿ. 180 ಬರಬೇಕಾದಲ್ಲಿ 172 ಬಂದರೆ, ಸಂಗಮದೂರದ ಅಳತೆಯಲ್ಲಿ 8 ಮಿ.ಮೀ. ತಪ್ಪಿದೆ, ಅದನ್ನು ಈಗಲೇ ತಿದ್ದಬಹುದು.

ಇನ್ನೊಂದು ತಾಳೆ: ಕಾಗದದ ಮೇಲಿನ ಹುಣ್ಣಿಮೆ ಚಂದ್ರನ ಅಗಲ ಸಂಗಮದೂರದ ಸುಮಾರು 110ನೇ ಒಂದು ಭಾಗ. 1200ಕ್ಕೆ 11 ಮಿ.ಮೀ. ಬೆರಳುಗುರಿನಷ್ಟಗಲದ ಆ ಚಂದ್ರನನ್ನು ಕಾಗದದ ಮೇಲೆ ಮೊದಲ ಸಲ ನೋಡಿದವರಿಗೆ ಇಡೀ ದೂರದರ್ಶಕ ಅರ್ಥವಾಗಿಬಿಡುತ್ತದೆ. ಈ ಹಂತವನ್ನು ಯಾರೂ ಬಿಡಬಾರದು ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ.

### ಹಗಲಿನ ಗೋಪುರದ ಮೋಸ

ಚಂದ್ರನಿಗೆ ಕಾಯುವ ತಾಳ್ಮೆ ಇಲ್ಲದೆ ಹಗಲು ಹತ್ತಿರದ ಗೋಪುರವನ್ನೋ ಕಂಬವನ್ನೋ ನೋಡಿ ಫೋಕಸ್ ಗೊತ್ತುಮಾಡುವವರು ಬಹಳ. ನನ್ನ ಮೊದಲ ಕೊಳವೆಯಲ್ಲಿ ಆದದ್ದೂ ಇದೇ. ಹಗಲು ಕಂಬದ ತಂತಿ ಸ್ಪಷ್ಟವಾಗಿ ಕಂಡಿತು, ರಾತ್ರಿ ಒಂದು ನಕ್ಷತ್ರವೂ ಬಿಂದುವಾಗಲಿಲ್ಲ. ಕಾರಣ ಸರಳ. ಹತ್ತಿರದ ವಸ್ತುವಿನ ಬಿಂಬ ನಕ್ಷತ್ರದ ಬಿಂಬಕ್ಕಿಂತ ಹೊರಗೆ ಬೀಳುತ್ತದೆ. 1200 ಮಿ.ಮೀ. ಸಂಗಮದೂರಕ್ಕೆ 50 ಮೀಟರ್ ದೂರದ ವಸ್ತು ಸುಮಾರು 30 ಮಿ.ಮೀ. ಹೊರಗೆ, 100 ಮೀಟರಿನದು ಸುಮಾರು 15 ಮಿ.ಮೀ. ಹೊರಗೆ, 1 ಕಿಲೋಮೀಟರಿನದು ಕೇವಲ 1.4 ಮಿ.ಮೀ. ಹೊರಗೆ ಫೋಕಸ್ ಆಗುತ್ತದೆ. ಫೋಕಸರ್ ಪೂರ್ತಿ ಒಳಗಿದ್ದಾಗ 100 ಮೀಟರಿನ ಗೋಪುರ ಚೂಪಾಗಿ ಕಂಡರೆ, ನಕ್ಷತ್ರಕ್ಕೆ ಇನ್ನೂ 15 ಮಿ.ಮೀ. ಒಳಗೆ ಹೋಗಬೇಕು, ಅಲ್ಲಿ ಜಾಗವಿಲ್ಲ. ಹಗಲು ಪರೀಕ್ಷಿಸಲೇಬೇಕಾದರೆ ಒಂದು ಕಿಲೋಮೀಟರಿಗಿಂತ ದೂರದ ಗುರಿ ಹಿಡಿಯಿರಿ, ಸೂರ್ಯ ಬೆನ್ನ ಹಿಂದಿರಲಿ.

## ಹಂತ 5: ಫೋಕಸರನ್ನು ಕೂರಿಸಿ

ಫೋಕಸರ್ ಎಷ್ಟು ನಯವಾಗಿ ಚಲಿಸಬೇಕು ಎಂಬುದು ಕನ್ನಡಿಯ ಎಫ್ ಅನುಪಾತದ ಮೇಲೆ ನಿಂತಿದೆ. ಸಂಗಮದೂರವನ್ನು ವ್ಯಾಸದಿಂದ ಭಾಗಿಸಿದರೆ ಈ ಅನುಪಾತ. ಎಫ್ 8ರ ಕನ್ನಡಿಯಲ್ಲಿ ನಿಜವಾದ ಫೋಕಸಿನಿಂದ ಆಚೀಚೆ 0.07 ಮಿ.ಮೀ. ವರೆಗೆ ಬಿಂಬ ಕೆಡುವುದಿಲ್ಲ. ಎಫ್ 5ರಲ್ಲಿ ಅದು 0.03 ಮಿ.ಮೀ. ಮಾತ್ರ. ಬರೆಯುವ ಹಾಳೆಯ ದಪ್ಪವೇ ಸುಮಾರು 0.1 ಮಿ.ಮೀ. ಇರುತ್ತದೆ. ಹಾಗಾಗಿ ಮೊದಲ ಸಲ ಕಟ್ಟುವವರಿಗೆ ನಾನು ಎಫ್ 8ನ್ನೇ ಹೇಳುವುದು.

ಒಂದರೊಳಗೊಂದು ಜಾರುವ ಎರಡು ಪಿವಿಸಿ ನಳಿಗೆಗಳು ಎಫ್ 8ರಲ್ಲಿ ಕಡಿಮೆ ವರ್ಧನೆಗೆ ಸಾಕು. ಬಟ್ಟೆಯ ಪಟ್ಟಿ ಅಂಟಿಸಿ ಬಿಗಿ ಮಾಡಿ, ತಿರುಚುತ್ತಾ ಎಳೆಯಬೇಕು. ತಿರುಪುಳ್ಳ ನಳಿಗೆ, ಅಂದರೆ ಹೆಲಿಕಲ್ ಫೋಕಸರ್, ಮನೆಯಲ್ಲಿ ಮಾಡಬಹುದಾದವುಗಳಲ್ಲಿ ನನಗೆ ಮೆಚ್ಚು. ಎಳೆಗಳ ಅಂತರ 1.5 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಅಷ್ಟೇ ಚಲನೆ, ಸುತ್ತಿನ ಇಪ್ಪತ್ತನೇ ಒಂದು ಭಾಗಕ್ಕೆ 0.075. ಹಲ್ಲುಪಟ್ಟಿಯ ರ‍್ಯಾಕ್ ಆ್ಯಂಡ್ ಪಿನಿಯನ್ ಕೊಂಡು ತಂದರೆ ಅದರ ಸಡಿಲ ನೋಡಿ: ಗುಂಡಿಯ ದಿಕ್ಕು ಬದಲಿಸಿದಾಗ ನಳಿಗೆ ತಕ್ಷಣ ಚಲಿಸದಿದ್ದರೆ ಅಥವಾ ಪಕ್ಕಕ್ಕೆ ವಾಲಿದರೆ ತಿರುಪು ಬಿಗಿಗೊಳಿಸಬೇಕು. ಕ್ರೇಫರ್ಡ್ ಮಾದರಿಯಲ್ಲಿ ಹಲ್ಲುಗಳಿಲ್ಲ, ನಳಿಗೆಯನ್ನು ನಾಲ್ಕು ಬೇರಿಂಗುಗಳ ಮೇಲೆ ಒತ್ತಿ ಹಿಡಿದ ದಂಡ ಅದನ್ನು ಉರುಳಿಸಿ ಎಳೆಯುತ್ತದೆ. ದಂಡ 6 ಮಿ.ಮೀ. ದಪ್ಪವಿದ್ದರೆ ಒಂದು ಸುತ್ತಿಗೆ ಸುಮಾರು 19 ಮಿ.ಮೀ. ಓಟ, ಒಂದು ಡಿಗ್ರಿಗೆ 0.05. ಅದಕ್ಕೇ ಗುಂಡಿ ದೊಡ್ಡದಿರಬೇಕು. ಬೆರಳಿಗೆ ಸಿಗುವ ಅಂಚು ಅಗಲವಾದಷ್ಟೂ ಕೈ ನಿಖರ.

ರಂಧ್ರವನ್ನು ಐಪೀಸಿನ ಬ್ಯಾರೆಲ್ಲಿಗಿಂತ ಅಗಲವಾಗಿ ಕೊರೆಯಿರಿ, ಜಾರುನಳಿಗೆ ಒಳಬರುವಾಗ ತಡೆಯಬಾರದು. ಆದರೆ ನಳಿಗೆ ಪೂರ್ತಿ ಒಳಗಿದ್ದಾಗ ಅದರ ತುದಿ ಕೊಳವೆಯೊಳಗೆ ಚಾಚಿ ಕನ್ನಡಿಯ ಬೆಳಕಿಗೆ ಅಡ್ಡ ಬರುತ್ತದೆಯೇ ನೋಡಿ. ಅಡ್ಡ ಬಂದರೆ ನಕ್ಷತ್ರದ ಮಸುಕು ತಟ್ಟೆಯ ಒಂದು ಪಕ್ಕ ಕಚ್ಚಿದಂತೆ ಕಾಣುತ್ತದೆ.

ಫೋಕಸರ್ ಕೊಳವೆಗೆ ನೆಟ್ಟಗೆ ನಿಲ್ಲಬೇಕು. ಒಂದು ಡಿಗ್ರಿ ವಾಲಿದರೂ 27 ಮಿ.ಮೀ. ಅಗಲದ ಕ್ಷೇತ್ರದ ಒಂದಂಚಿಗೂ ಇನ್ನೊಂದಕ್ಕೂ ಸುಮಾರು ಅರ್ಧ ಮಿಲಿಮೀಟರ್ ವ್ಯತ್ಯಾಸ. ಒಂದು ಪಕ್ಕದ ನಕ್ಷತ್ರ ಚೂಪಾದಾಗ ಎದುರು ಪಕ್ಕದ್ದು ಊದಿರುತ್ತದೆ. ನಳಿಗೆಯಲ್ಲಿ ಉದ್ದ ದಂಡವೊಂದನ್ನು ತೂರಿಸಿ, ಅದು ಎದುರು ಗೋಡೆಗೆ ತಾಗುವ ಬಿಂದು ಕನ್ನಡಿಯಿಂದ ರಂಧ್ರದಷ್ಟೇ ದೂರವಿದೆಯೇ ಎಂದು ಅಳೆದು, ಬುಡಕ್ಕೆ ತೆಳು ತಗಡಿನ ಚೂರು ಕೊಟ್ಟು ಸರಿಪಡಿಸಿ.

## ಹಂತ 6: ಮೊದಲ ರಾತ್ರಿಯ ಕ್ರಮ

ಕನ್ನಡಿಗಳನ್ನು ಒಂದೇ ಅಕ್ಷಕ್ಕೆ ಹೊಂದಿಸಿದ ಮೇಲೆಯೇ ಫೋಕಸ್. ದೂರದರ್ಶಕವನ್ನು ಹೊರಗಿಟ್ಟು ಕನಿಷ್ಠ ಅರ್ಧ ಗಂಟೆ ಬಿಡಿ, ದಪ್ಪ ಕನ್ನಡಿಯಾದರೆ ಒಂದು ಗಂಟೆ. ಬೆಚ್ಚನೆಯ ಗಾಜಿನ ಮೇಲೆ ಏಳುವ ಗಾಳಿ ಬಿಂಬವನ್ನು ಕುದಿಸುತ್ತದೆ, ಆಗ ಯಾವ ಫೋಕಸೂ ನಿಲ್ಲುವುದಿಲ್ಲ.

25 ಮಿ.ಮೀ. ಐಪೀಸ್ ಹಾಕಿ. 1200ಕ್ಕೆ ಇದು 48 ಪಟ್ಟು ವರ್ಧನೆ. ಚಂದ್ರನಿಂದ ಶುರುಮಾಡಿ. ಜಾರುನಳಿಗೆಯನ್ನು ಪೂರ್ತಿ ಹೊರಗೆಳೆದು, ಅಲ್ಲಿಂದ ನಿಧಾನ ಒಳಕ್ಕೆ ತನ್ನಿ. ಈ ದಿಕ್ಕಿಗೆ ಕಾರಣವಿದೆ. ಐಪೀಸ್ ಫೋಕಸ್ ದಾಟಿ ಒಳಗೆ ಹೋದಾಗ ಎಳೆಯ ಕಣ್ಣು ತಾನೇ ಹೊಂದಿಕೊಂಡು ಬಿಂಬವನ್ನು ಚೂಪು ಮಾಡಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ದಣಿದು ಸೋಲುತ್ತದೆ. ಹೊರಗಿನಿಂದ ಬಂದರೆ ಮೊದಲು ಸಿಗುವ ಚೂಪು ಸಡಿಲ ಕಣ್ಣಿನದು. ಅಲ್ಲೇ ನಿಲ್ಲಿಸಿ.

ನಂತರ ಒಂದು ಪ್ರಕಾಶಮಾನ ನಕ್ಷತ್ರ. ಫೋಕಸ್ ತಪ್ಪಿದಾಗ ಅದು ನಡುವೆ ಕಪ್ಪು ತೂತಿರುವ ಉದ್ದಿನವಡೆಯಂತೆ ಕಾಣುತ್ತದೆ. ಆ ಕಪ್ಪು ಓರೆ ಕನ್ನಡಿಯ ನೆರಳು, ಅಡ್ಡ ಗೆರೆಗಳು ಅದನ್ನು ಹಿಡಿದ ಪಟ್ಟಿಗಳ ನೆರಳು. ಹೊಸಬರು ಇದನ್ನೇ ಗ್ರಹದ ತಟ್ಟೆ ಎಂದುಕೊಂಡು ಸಂತೋಷಪಡುತ್ತಾರೆ. ಸರಿಯಾದ ಫೋಕಸಿನಲ್ಲಿ ನಕ್ಷತ್ರ ಅತಿ ಚಿಕ್ಕದು, ಬಿಂದು. ನಿಯಮ ಒಂದೇ: ಗುಂಡಿ ತಿರುಗಿಸಿದಾಗ ವಡೆ ಕುಗ್ಗುತ್ತಿದ್ದರೆ ದಿಕ್ಕು ಸರಿ, ಹಿಗ್ಗುತ್ತಿದ್ದರೆ ತಪ್ಪು. ಬಿಂದುವಾದ ಮೇಲೂ ನಿಲ್ಲಿಸದೆ ಸ್ವಲ್ಪ ದಾಟಿ, ಮತ್ತೆ ಹಿಂದೆ ಬನ್ನಿ. ಎರಡೂ ಬದಿಯ ಹಿಗ್ಗನ್ನು ಕಂಡಾಗಲೇ ನಡು ಎಲ್ಲಿ ಎಂದು ಖಚಿತ.

## ಹಂತ 7: ತಲುಪುತ್ತಲೇ ಇಲ್ಲವಾದರೆ

ಫೋಕಸರ್ ಕೊನೆ ಮುಟ್ಟಿದರೂ ವಡೆ ಕುಗ್ಗುತ್ತಲೇ ಇದೆ ಎಂದರೆ ಬಿಂಬ ಆಚೆ ಇದೆ. ಯಾವ ಕೊನೆ ಎಂಬುದರ ಮೇಲೆ ಮದ್ದು ಬೇರೆ.

ಹೊರತುದಿಯಲ್ಲಿ ಕೊರತೆ. ಐಪೀಸಿನ ತಿರುಪು ಸಡಿಲಿಸಿ ಕೈಯಲ್ಲೇ ಇನ್ನೂ ಹೊರಗೆ ಹಿಡಿದು ನೋಡಿ. ಚೂಪಾದರೆ ಅಷ್ಟು ಉದ್ದದ ಒಂದು ತುಂಡು ನಳಿಗೆ ಸೇರಿಸಿದರಾಯಿತು. ಇದು ಕಾಯಿಲೆಯೇ ಅಲ್ಲ.

ಒಳತುದಿಯಲ್ಲಿ ಕೊರತೆ. ಮನೆಯಲ್ಲಿ ಕಟ್ಟಿದ ದೂರದರ್ಶಕಗಳಲ್ಲಿ ಹೆಚ್ಚಾಗಿ ಇದೇ. ಕೈಯಲ್ಲಿ ಹಿಡಿದು ಪರೀಕ್ಷಿಸಲೂ ಬರುವುದಿಲ್ಲ, ಐಪೀಸಿನ ಭುಜ ತಡೆಯುತ್ತದೆ. ಐಪೀಸ್ ತೆಗೆದು ಟ್ರೇಸಿಂಗ್ ಕಾಗದವನ್ನು ನಳಿಗೆಯ ಬಾಯಿಗೆ ಹಿಡಿಯಿರಿ. ಚಂದ್ರ ಅಲ್ಲಿ ಮಸುಕಾಗಿದ್ದು, ಕಾಗದದ ಸುರುಳಿಯನ್ನು ನಳಿಗೆಯೊಳಗೆ ಇಳಿಸಿದಾಗ ಚೂಪಾದರೆ, ಇಳಿಸಿದಷ್ಟೇ ನಿಮ್ಮ ಕೊರತೆ. ಅದನ್ನು ಅಳೆದಿಟ್ಟುಕೊಳ್ಳಿ.

ಮದ್ದು: ಪ್ರಧಾನ ಕನ್ನಡಿಯನ್ನು ಓರೆ ಕನ್ನಡಿಯತ್ತ ಅಷ್ಟೇ ಮಿಲಿಮೀಟರ್ ಸರಿಸಿ. ಕನ್ನಡಿ 12 ಮಿ.ಮೀ. ಮುಂದೆ ಬಂದರೆ ಬಿಂಬ 12 ಮಿ.ಮೀ. ಹೊರಗೆ ಬರುತ್ತದೆ, ಒಂದಕ್ಕೊಂದು. ಕೊರತೆಯ ಮೇಲೆ 10 ಮಿ.ಮೀ. ಹೆಚ್ಚಿಗೆ ಸರಿಸಿ, ಮೀಸಲು ಇರಲಿ. ಸಣ್ಣ ಕೊರತೆಗೆ ಉದ್ದದ ಹೊಂದಾಣಿಕೆ ತಿರುಪುಗಳು ಸಾಕು. ದೊಡ್ಡದಕ್ಕೆ ಕನ್ನಡಿಯ ತೊಟ್ಟಿಲನ್ನೇ ಬಿಚ್ಚಿ ಮುಂದಕ್ಕೆ ಕೂರಿಸಬೇಕು. ಇದನ್ನು ಮುಂದಾಗಿ ಯೋಚಿಸಿ, ತೊಟ್ಟಿಲಿನ ಮೊಳೆಗಳಿಗೆ ಕೊಳವೆಯಲ್ಲಿ ದುಂಡು ತೂತಿನ ಬದಲು 40 ಮಿ.ಮೀ. ಉದ್ದದ ಸೀಳು ಕೊರೆದಿಟ್ಟರೆ ಎಷ್ಟೋ ದುಃಖ ತಪ್ಪುತ್ತದೆ. ನಾನು ಈಗ ಹಾಗಲ್ಲದೆ ಕಟ್ಟುವುದೇ ಇಲ್ಲ.

ಕೊಳವೆ ಬಿಚ್ಚಲು ಆಗದ ಹೊತ್ತಿನಲ್ಲಿ ಐಪೀಸಿನ ಮುಂದೆ ಕೂರಿಸುವ ಬಾರ್ಲೋ ಎಂಬ ನಿಮ್ನ ಮಸೂರ ನೆರವಾಗುತ್ತದೆ, ಅದು ಬಿಂಬವನ್ನು ಹೊರಕ್ಕೆ ತಳ್ಳುತ್ತದೆ. ಆದರೆ ವರ್ಧನೆಯೂ ಏರುವುದರಿಂದ ಅಗಲ ಕ್ಷೇತ್ರದ ನೋಟ ಕೈತಪ್ಪುತ್ತದೆ. ಓರೆ ಕನ್ನಡಿಯನ್ನು ಮಾತ್ರ ಹಿಂದೆ ಮುಂದೆ ಸರಿಸಿ ಫೋಕಸ್ ಹುಡುಕಬೇಡಿ. ರಂಧ್ರ ಅಲ್ಲೇ ಇರುವಾಗ ಅದು ಸರಿದರೆ ಬೆಳಕು ನಳಿಗೆಯ ನಡುವೆ ಬೀಳುವುದೇ ಇಲ್ಲ.

## ಹಂತ 8: ರಟ್ಟಿನ ಮುಸುಕಿನಿಂದ ಕೊನೆಯ ಹದ

ಹೆಚ್ಚು ವರ್ಧನೆಯಲ್ಲಿ ಕಣ್ಣಿನ ಅಂದಾಜು ಸಾಲದು. ಕೊಳವೆಯ ಬಾಯಿ ಮುಚ್ಚುವ ರಟ್ಟಿನ ತಟ್ಟೆ ಕತ್ತರಿಸಿ, ನಡುವಿನಿಂದ ಎದುರುಬದುರಾಗಿ, ಆದಷ್ಟು ಅಂಚಿನ ಕಡೆಗೆ 40 ಮಿ.ಮೀ. ವ್ಯಾಸದ ಎರಡು ತೂತು ಮಾಡಿ. ಓರೆ ಕನ್ನಡಿಯ ನೆರಳಿನಲ್ಲಿ ತೂತು ಬೀಳಬಾರದು. ಇದು ಹಾರ್ಟ್‌ಮನ್ ಮುಸುಕು. ಫೋಕಸ್ ತಪ್ಪಿದ್ದರೆ ಒಂದೇ ನಕ್ಷತ್ರ ಎರಡಾಗಿ ಕಾಣುತ್ತದೆ. ಎರಡೂ ಬಂದು ಒಂದಾದಾಗ ಫೋಕಸ್. ರಟ್ಟು ತೆಗೆದು ನೋಡಿ. ಗುಂಡಿ ಮುಟ್ಟಿದಾಗಲೆಲ್ಲ ನಕ್ಷತ್ರ ಕುಣಿಯುತ್ತಿದ್ದರೆ ದೋಷ ಕಾಲುಗಳದ್ದು, ಕೈಬಿಟ್ಟು ಎರಡು ಸೆಕೆಂಡ್ ಕಾದು ತೀರ್ಮಾನಿಸಿ.

## ಫೋಕಸಿನ ದೋಷವೆಂದು ತೋರುವ ಬೇರೆ ದೋಷಗಳು

ಫೋಕಸಿನ ಒಂದು ಬದಿಗೆ ನಕ್ಷತ್ರ ಉದ್ದುದ್ದ ಎಳೆದಂತಿದ್ದು ಇನ್ನೊಂದು ಬದಿಗೆ ಅಡ್ಡಡ್ಡ ಎಳೆದಂತಾದರೆ ಅದು ಅಸ್ಟಿಗ್ಮ್ಯಾಟಿಸಮ್. ತಲೆ ವಾಲಿಸಿ ನೋಡಿ: ಗೆರೆಯೂ ವಾಲಿದರೆ ನಿಮ್ಮ ಕಣ್ಣಿನದು. ಐಪೀಸ್ ತಿರುಗಿಸಿದಾಗ ತಿರುಗಿದರೆ ಐಪೀಸಿನದು. ಎರಡಕ್ಕೂ ಜಗ್ಗದಿದ್ದರೆ ಕನ್ನಡಿಗಳಲ್ಲೊಂದು ಬಾಗಿದೆ ಅಥವಾ ಅದನ್ನು ಬಿಗಿಯಾಗಿ ಹಿಡಿದಿದ್ದೀರಿ. ನಕ್ಷತ್ರ ಮುಕ್ಕೋನವಾದರೆ ಬಹುತೇಕ ಕನ್ನಡಿಯ ಮೂರು ಹಿಡಿಕೆಗಳ ಬಿಗಿತವೇ. ಹಿಡಿಕೆಗೂ ಗಾಜಿಗೂ ನಡುವೆ ತೆಳು ಕಾಗದ ಸಲೀಸಾಗಿ ಜಾರಬೇಕು.

ನಡುವೆ ಚೂಪು, ಅಂಚಿನಲ್ಲಿ ಬಾಲವಿದ್ದರೆ ಅದು ಕೋಮಾ, ಕಡಿಮೆ ಎಫ್ ಅನುಪಾತದ ಕನ್ನಡಿಗಳ ಹುಟ್ಟುಗುಣ. ಬಾಲ ನಡುವೆಯೂ ಇದ್ದರೆ ಕನ್ನಡಿಗಳ ಅಕ್ಷ ತಪ್ಪಿದೆ. 25 ಮಿ.ಮೀ.ನಲ್ಲಿ ಚೆಂದ ಕಂಡ ಗುರು ಗ್ರಹ 4 ಮಿ.ಮೀ.ನಲ್ಲಿ ಮಸುಕಾದರೆ ಫೋಕಸರನ್ನು ಬೈಯುವ ಮುನ್ನ ವರ್ಧನೆ ಲೆಕ್ಕ ಹಾಕಿ. ಅದು 300 ಪಟ್ಟು, 150 ಮಿ.ಮೀ. ಕನ್ನಡಿಯ ಮೇಲ್ಮಿತಿ. ಗಾಳಿ ನಿಶ್ಚಲವಿಲ್ಲದ ರಾತ್ರಿ ಅದರ ಅರ್ಧವೂ ದಕ್ಕುವುದಿಲ್ಲ.

## ಕನ್ನಡಕದ ಮಸೂರದಿಂದ ಕಟ್ಟಿದವರಿಗೆ

ಒಂದು ಡಯಾಪ್ಟರಿನ ಪೀನ ಮಸೂರದ ಸಂಗಮದೂರ 1000 ಮಿ.ಮೀ. ಒಂಟಿ ಮಸೂರದಲ್ಲಿ ಎಲ್ಲ ಬಣ್ಣಗಳಿಗೂ ಒಂದೇ ಫೋಕಸ್ ಇರುವುದಿಲ್ಲ. ಸಾಮಾನ್ಯ ಕ್ರೌನ್ ಗಾಜಿನಲ್ಲಿ ಕೆಂಪು ಮತ್ತು ನೀಲಿಯ ಫೋಕಸ್ ನಡುವೆ ಸುಮಾರು 17 ಮಿ.ಮೀ. ಅಂತರ. ಎಷ್ಟು ತಿರುಗಿಸಿದರೂ ಅಂಚಿನಲ್ಲಿ ಬಣ್ಣ ಉಳಿಯುತ್ತದೆ, ಅದು ನಿಮ್ಮ ಫೋಕಸರಿನ ತಪ್ಪಲ್ಲ. ಮಸೂರದ ಮುಂದೆ 25ರಿಂದ 30 ಮಿ.ಮೀ. ತೂತಿನ ರಟ್ಟು ಇಟ್ಟು, ಹಳದಿ-ಹಸಿರು ಚೂಪಾಗುವ ಜಾಗದಲ್ಲಿ ನಿಲ್ಲಿಸಿ. ಮಸೂರದಿಂದ ಐಪೀಸಿನ ಫೀಲ್ಡ್ ಸ್ಟಾಪಿಗೆ 1000 ಮಿ.ಮೀ. ಬರುವಂತೆ ಕೊಳವೆ ಕತ್ತರಿಸಿ, ಜಾರುನಳಿಗೆಗೆ 80 ಮಿ.ಮೀ. ಓಟವಾದರೂ ಕೊಡಿ.

## ಫೋಕಸ್ ಸಿಕ್ಕ ರಾತ್ರಿಯೇ ಮಾಡಬೇಕಾದದ್ದು

ನಕ್ಷತ್ರ ಬಿಂದುವಾಗಿರುವಾಗಲೇ ಜಾರುನಳಿಗೆಯ ಮೇಲೆ ಪೆನ್ನಿನಿಂದ ಸಣ್ಣ ಗೆರೆ ಎಳೆದು, ಪಕ್ಕದಲ್ಲಿ ಐಪೀಸಿನ ಅಳತೆ ಬರೆಯಿರಿ. ಪ್ರತಿ ಐಪೀಸಿಗೂ ಒಂದು ಗೆರೆ. ಕನ್ನಡಕ ಹಾಕಿ ನೋಡಿದ್ದೋ ತೆಗೆದು ನೋಡಿದ್ದೋ ಅದನ್ನೂ ಬರೆಯಿರಿ. ಮುಂದಿನ ಸಲ ಕತ್ತಲಲ್ಲಿ ಗೆರೆಗೆ ತಂದು ನಿಲ್ಲಿಸಿದರೆ ಶನಿಯ ಉಂಗುರ ಕ್ಷೇತ್ರಕ್ಕೆ ಬರುವಾಗಲೇ ಗುರುತು ಸಿಗುವಷ್ಟು ಚೂಪಾಗಿರುತ್ತದೆ, ಉಳಿದದ್ದು ಬೆರಳ ತುದಿಯ ಕೆಲಸ. ಕೆಲವು ವಾರಗಳ ನಂತರ ಗೆರೆಯೂ ಫೋಕಸೂ ತಾಳೆಯಾಗದಿದ್ದರೆ ಕನ್ನಡಿಯ ತಿರುಪುಗಳು ಸಡಿಲವಾಗಿವೆ, ಮೊದಲು ಅವನ್ನು ನೋಡಿ.